ನಗರ ಬಿಟ್ಟು ಕರಾವಳಿಗೆ ಬರುವವರು ಮತ್ತು ಗಜನಿ ಭೂಮಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ದೊಡ್ಡ ಸಂಬಳದ ಉದ್ಯೋಗ ತೊರೆದು ಕಡಲ ತೀರದಲ್ಲಿ ನೆಮ್ಮದಿ ಕಂಡುಕೊಂಡವರ ಕುರಿತ ಬರಹಗಳು ಈಚಿನ ವರ್ಷಗಳಲ್ಲಿ ತಮ್ಮ ಪತ್ರಿಕೆಯೂ ಸೇರಿದಂತೆ ಹಲವು ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗುತ್ತಿವೆ. ಅಂಥ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ, ಏಕೆಂದರೆ ನಾನೂ ಅದೇ ದಾರಿಯಲ್ಲಿ ಬಂದವಳು. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಹುಕಾಲ ದುಡಿದು, ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಈಗ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಮೇಲಿರುವ ನನ್ನ ತಾಯಿಯ ಮನೆಯಲ್ಲಿ ವಾಸವಾಗಿದ್ದೇನೆ. ಆ ಬರಹಗಳಲ್ಲಿ ಬಿಟ್ಟವರ ದಣಿವು ಇರುತ್ತದೆ, ಅವರ ಧೈರ್ಯ ಇರುತ್ತದೆ, ಅವರು ಕಟ್ಟಿಕೊಂಡ ಮನೆಯ ಚಿತ್ರವಿರುತ್ತದೆ. ಆದರೆ ಆ ಮನೆ ನಿಂತ ನೆಲ ಅದಕ್ಕೂ ಮೊದಲು ಏನಾಗಿತ್ತು, ಅದನ್ನು ಯಾರು ಉಳುತ್ತಿದ್ದರು, ಅದು ಕೈಬದಲಾದ ಮೇಲೆ ಪಕ್ಕದ ಗದ್ದೆಗೆ ಏನಾಯಿತು ಎಂಬುದು ಇರುವುದಿಲ್ಲ. ನಮ್ಮ ಅಳಿವೆಯಂಚಿನ, ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆ ಬಯಲುಗಳ ಬಗ್ಗೆ ಈ ಪತ್ರ ಬರೆಯಲು ಅದೇ ಕಾರಣ.

ನಗರದ ಉದ್ಯೋಗ ಬಿಡುವವರ ಬಗ್ಗೆ ನನಗೆ ಆಕ್ಷೇಪವಿಲ್ಲ. ಬೆಳಿಗ್ಗೆ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರಿನೊಳಗೆ ಕುಳಿತೇ ಮೊದಲ ಸಭೆಯನ್ನು ಮುಗಿಸಿ, ಹಗಲಿಡೀ ದುಡಿದ ನಂತರ ಅಮೆರಿಕದವರ ಬೆಳಗಿಗೆ ಹೊಂದಿಕೊಂಡು ರಾತ್ರಿ ಹತ್ತರ ಮೇಲೆ ಮತ್ತೊಂದು ಕರೆಗೆ ಕೂರುವ ದಿನಚರಿ ಎಷ್ಟು ಜನರದ್ದೆಂಬುದನ್ನು ನಾನು ಹತ್ತಿರದಿಂದ ಬಲ್ಲೆ. ನಲವತ್ತು ದಾಟುವ ಮೊದಲೇ ರಕ್ತದೊತ್ತಡದ ಮಾತ್ರೆ ಹಿಡಿದ ಸಹೋದ್ಯೋಗಿಗಳಿದ್ದರು. ರಜೆಯಲ್ಲಿದ್ದಾಗಲೂ ಫೋನ್ ಕಂಪಿಸಿದರೆ ಎದೆ ಹೊಡೆದುಕೊಳ್ಳುವ ಸ್ಥಿತಿಯನ್ನು ಸಹಜವೆಂದು ಒಪ್ಪಿಕೊಂಡ ಒಂದು ಪೀಳಿಗೆಯೇ ಅಲ್ಲಿದೆ. ಅದರಿಂದ ಹೊರಬರಲು ಬಯಸುವವರು ಸೋಮಾರಿಗಳಲ್ಲ, ಪಲಾಯನವಾದಿಗಳೂ ಅಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿನ ಮನೆಯ ಜಗಲಿಯಲ್ಲಿ ಕುಳಿತೇ ಕಂಪನಿಯ ಕೆಲಸ ಮಾಡಬಹುದೆಂಬುದು ಸಾವಿರಾರು ಮನೆಗಳಲ್ಲಿ ಸಾಬೀತಾದ ಮೇಲೆ, ಹಾಗೂ ಅದೇ ವರ್ಷ ಬೆಂಗಳೂರು–ಕಾರವಾರ ನಡುವೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಆರಂಭವಾಗಿ ಸಂಜೆ ಹತ್ತಿದವರು ಬೆಳಿಗ್ಗೆ ಕರಾವಳಿಯಲ್ಲಿ ಇಳಿಯುವಂತಾದ ಮೇಲೆ, ಹೀಗೆ ಬರುವವರ ಸಂಖ್ಯೆ ಹೆಚ್ಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಾನು ಬಂದದ್ದು ಸರಿಯಾದ ತೀರ್ಮಾನವೆಂದೇ ಇಂದಿಗೂ ನಂಬಿದ್ದೇನೆ.

ಆದರೆ ಕರಾವಳಿಯ ಬದುಕು ನಿಧಾನವಾದದ್ದು ಎಂಬ ಚಿತ್ರವನ್ನು ನಾನು ಒಪ್ಪಲಾರೆ. ಅದು ಇಲ್ಲಿ ಕೆಲಸವಿಲ್ಲದೆ ಕುಳಿತವರ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತದೆ. ನಮ್ಮ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುವ ಹೆಂಗಸರು ಇಳಿತದ ಹೊತ್ತು ನೋಡಿ ಹೊಳೆಗೆ ಇಳಿಯುತ್ತಾರೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದೆ ಸರಿಯುತ್ತ ಹೋಗುವುದರಿಂದ ಅವರ ಅಡುಗೆ, ಮಕ್ಕಳ ಶಾಲೆ, ನಿದ್ದೆ ಎಲ್ಲವೂ ಅದರ ಜೊತೆ ಸರಿಯಬೇಕು. ನೀರು ಏರತೊಡಗಿತೆಂದರೆ ಆ ದಿನದ ದುಡಿಮೆ ಮುಗಿಯಿತು. ಸೊಂಟದ ಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ನಿಂತು, ಕಾಲಿನಿಂದಲೇ ಕೆಸರು ತಡಕಿ ತೆಗೆದ ಚಿಪ್ಪನ್ನು ಬುಟ್ಟಿಗೆ ತುಂಬಿ, ಅದೇ ದಿನ ಪೇಟೆಗೆ ಮುಟ್ಟಿಸಬೇಕು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುವುದರಿಂದ, ಆ ಎರಡು ತಿಂಗಳ ಖರ್ಚನ್ನೂ ಬಲೆ ದುರಸ್ತಿಯ ಸಾಲವನ್ನೂ ಉಳಿದ ಹತ್ತು ತಿಂಗಳಲ್ಲಿ ದುಡಿದುಕೊಳ್ಳಬೇಕು. ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಮಳೆ ನಿಂತ ಮೇಲೆ ಆರಂಭವಾದ ಕೆಲಸ ಮುಂದಿನ ಮಳೆಯ ಮುನ್ನ ಮುಗಿಯಲೇಬೇಕು. ಮೇ ತಿಂಗಳಿನ ಒಂದು ಅಕಾಲಿಕ ಮಳೆ ಬಿದ್ದರೆ ಕಣ್ಣೆದುರಿಗೇ ಉಪ್ಪು ಕರಗುತ್ತದೆ. ಕುಮಟಾದ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಪ್ರವಾಸಿಗರು ಮೆಚ್ಚಿ ಕೊಳ್ಳುತ್ತಾರೆ. ಅದರ ಹಿಂದೆ ಬಿಸಿಲಿನಲ್ಲಿ ಕೊಡದಿಂದ ನೀರು ಹೊತ್ತು ಹಾಕಿದವರ ಬೆನ್ನು ನೋವಿದೆ. ಇಲ್ಲಿಯ ಗಡುವುಗಳು ಯಾವ ಕಂಪನಿಯ ಗಡುವಿಗಿಂತಲೂ ಕಠಿಣ. ಅವನ್ನು ಮುಂದೂಡುವಂತೆ ಕೇಳಿಕೊಳ್ಳಲು ಮೇಲಧಿಕಾರಿ ಇಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಕರಾವಳಿಯನ್ನು ವಿಶ್ರಾಂತಿಯ ಸ್ಥಳವೆಂದಷ್ಟೇ ನೋಡುವವರಿಗೆ ಇಲ್ಲಿಯ ನೆಲವೂ ಖಾಲಿ ಬಿದ್ದಂತೆ ಕಾಣುತ್ತದೆ. ಗಜನಿ ಭೂಮಿಯ ವಿಷಯದಲ್ಲಿ ಆಗುತ್ತಿರುವುದು ಇದೇ. ಘಟ್ಟದ ಮೇಲಿನ ಓದುಗರಿಗಾಗಿ ವಿವರಿಸುವುದಾದರೆ, ಅಳಿವೆಯ ಅಕ್ಕಪಕ್ಕದಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಬಯಲುಗಳೇ ಗಜನಿ. ಹೊಳೆಯ ಕಡೆಗೆ ಮಣ್ಣಿನ ಕಟ್ಟೆ ಹಾಕಿ, ಅದರಲ್ಲಿ ನೀರನ್ನು ಬೇಕಾದಾಗ ಒಳಬಿಡುವ, ಬೇಡವಾದಾಗ ತಡೆಯುವ ಹಲಗೆ ಬಾಗಿಲುಗಳನ್ನಿಟ್ಟು, ನಮ್ಮ ಹಿರಿಯರು ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತ ಬಂದಿದ್ದಾರೆ. ಬೇಸಿಗೆಯಲ್ಲಿ ಉಪ್ಪುನೀರನ್ನು ಹೊರಹಾಕಿ ನೆಲ ಒಣಗಿಸುತ್ತಾರೆ. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಕಗ್ಗದ ಪೈರು ಉದ್ದವಾಗಿ ಬೆಳೆಯುತ್ತದೆ, ಉಪ್ಪನ್ನೂ ಕೆಲವು ದಿನಗಳ ನೆರೆಯನ್ನೂ ತಾಳುತ್ತದೆ, ಅದಕ್ಕೆ ಗೊಬ್ಬರ ಔಷಧಿ ಹಾಕುವ ರೂಢಿಯಿಲ್ಲ. ಕೊಯ್ಲು ಮುಗಿದ ನಂತರ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ ಅದರ ಜೊತೆಗೆ ಮೀನೂ ಸೀಗಡಿಯೂ ಬರುತ್ತವೆ. ಭತ್ತದ ಕೂಳೆ ಅವಕ್ಕೆ ಆಸರೆ, ಅವುಗಳ ಕಸ ಮುಂದಿನ ವರ್ಷದ ಭತ್ತಕ್ಕೆ ಗೊಬ್ಬರ. ಆ ಕೆಂಪಕ್ಕಿಯ ಗಂಜಿಯನ್ನು ನಾನು ಬಾಲ್ಯದಲ್ಲಿ ಉಂಡಿದ್ದೇನೆ, ಈಗ ಮತ್ತೆ ಉಣ್ಣುತ್ತಿದ್ದೇನೆ.

ಗಜನಿಯಲ್ಲಿ ಮುಖ್ಯವಾದದ್ದು ಅಲ್ಲಿಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ ಎಂಬುದು. ಪಹಣಿಯಲ್ಲಿ ತುಂಡುಗಳು ಬೇರೆ ಬೇರೆ ಹೆಸರಿನಲ್ಲಿದ್ದರೂ ಕಟ್ಟೆ ಒಂದೇ, ಬಾಗಿಲು ಒಂದೇ, ಒಳಗೆ ಬರುವ ನೀರು ಒಂದೇ. ಕಟ್ಟೆಯ ಯಾವ ಭಾಗಕ್ಕೆ ಯಾರು ಮಣ್ಣು ಹಾಕಬೇಕು, ಬಾಗಿಲನ್ನು ಎಂದು ತೆರೆಯಬೇಕು, ಮೀನಿನ ಹರಾಜಿನ ಹಣವನ್ನು ಹೇಗೆ ಹಂಚಬೇಕು ಎಂಬುದನ್ನು ಒಕ್ಕಲಿನವರು ಸೇರಿ ನಿರ್ಧರಿಸುತ್ತಾರೆ. ಮಾಣಿಕಟ್ಟಾದಂಥ ಕಡೆ ಇಡೀ ಬಯಲನ್ನೇ ಒಟ್ಟಾಗಿ ಬಿತ್ತಿ ಕೊಯ್ದು ಪಾಲು ಹಾಕಿಕೊಳ್ಳುವ ಪದ್ಧತಿ ಉಳಿದಿದೆ. ಇಂಥ ಬಯಲಿನ ಹೊಳೆಯಂಚಿನ ಒಂದು ತುಂಡನ್ನು, ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆಂಬ ಕಾರಣಕ್ಕೆ, ವರ್ಷದಲ್ಲಿ ಕೆಲವೇ ವಾರ ಬಂದು ಹೋಗುವವರು ಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಬಯಲಿನಲ್ಲೇ ಕಂಡಿದ್ದೇವೆ. ಕೊಂಡವರು ಕೆಟ್ಟವರಾಗಿರಲಿಲ್ಲ. ಮಳೆಗಾಲಕ್ಕೆ ಮುನ್ನ ಕಟ್ಟೆಗೆ ಮಣ್ಣು ಹಾಕುವ ದಿನ ಅವರು ಊರಿನಲ್ಲಿರಲಿಲ್ಲ, ಫೋನಿನಲ್ಲಿ ಹಣ ಕಳುಹಿಸುತ್ತೇನೆ ಎಂದರು, ಆ ಹೊತ್ತಿಗೆ ಕೂಲಿಗೂ ಜನ ಸಿಗಲಿಲ್ಲ. ಅವರ ಭಾಗದ ಕಟ್ಟೆ ಒಂದು ಹುಣ್ಣಿಮೆಯ ಉಬ್ಬರಕ್ಕೆ ಒಡೆಯಿತು. ಉಪ್ಪುನೀರಿಗೆ ಪಹಣಿಯ ಗೆರೆ ತಿಳಿಯುವುದಿಲ್ಲ. ಅದು ಅವರ ತುಂಡನ್ನು ಮಾತ್ರವಲ್ಲ, ಬಿತ್ತಿದ್ದ ಎಲ್ಲರ ಗದ್ದೆಯನ್ನೂ ತುಂಬಿತು. ಮರುವರ್ಷ ಇನ್ನೂ ಕೆಲವರು ಬಿತ್ತನೆ ನಿಲ್ಲಿಸಿದರು. ಬಿತ್ತದ ಗದ್ದೆಯ ಮೇಲೆ ದಲ್ಲಾಳಿಗಳ ಕಣ್ಣು ಬೀಳಲು ತಡವಾಗುವುದಿಲ್ಲ.

ಹೊರಗಿನ ಹಣ ಗಜನಿಗೆ ಬಂದದ್ದು ಇದೇ ಮೊದಲಲ್ಲ. 1970ರ ದಶಕದಲ್ಲಿ ಸರ್ಕಾರ ಹಳೆಯ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಕಾಯಂ ಕಟ್ಟೆಗಳನ್ನು ಕಟ್ಟಿಸಿದಾಗ ವರ್ಷವೂ ಕೂಡಿ ಮಣ್ಣು ಹಾಕುವ ರೂಢಿ ಸಡಿಲವಾಯಿತು. ಅದರ ಬೆನ್ನಿಗೇ ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದು, ಭತ್ತದ ಬಯಲುಗಳು ಗುತ್ತಿಗೆದಾರರ ಕೈಗೆ ಹೋಗಿ, ವರ್ಷವಿಡೀ ಉಪ್ಪುನೀರು ನಿಲ್ಲತೊಡಗಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಸೀಗಡಿ ಕೃಷಿಯನ್ನು ನೆಲಕಚ್ಚಿಸಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ, ಸಾಂಪ್ರದಾಯಿಕವಲ್ಲದ ಸೀಗಡಿ ಕೆರೆಗಳನ್ನು ತೆರವುಗೊಳಿಸಲು ಆದೇಶಿಸಿತು. ಗುತ್ತಿಗೆದಾರರು ಹಣ ತೆಗೆದುಕೊಂಡು ಬೇರೆಡೆಗೆ ಹೋದರು, ಉಪ್ಪು ಕುಡಿದ ನೆಲ ಊರಿನವರಿಗೆ ಉಳಿಯಿತು. ಕಗ್ಗದ ಬೀಜವನ್ನು ಕೈಬಿಡದೆ ಉಳಿಸಿಕೊಂಡ ಕೆಲವೇ ಕುಟುಂಬಗಳಿಂದಾಗಿ ಇಂದು ಆ ತಳಿ ಜೀವಂತವಾಗಿದೆ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪನ್ನು ತಾಳುವ ಭತ್ತದ ತಳಿಯೊಂದು ಎಷ್ಟು ಬೆಲೆಯುಳ್ಳದ್ದೆಂದು ನಾನು ಹೇಳಬೇಕಾಗಿಲ್ಲ. ಸೀಗಡಿಯ ಆಸೆಯಿಂದ ಬಂದ ಮೊದಲ ಅಲೆ ಮಾಡಿದ್ದನ್ನು ನೋಟದ ಆಸೆಯಿಂದ ಬರುತ್ತಿರುವ ಎರಡನೆಯ ಅಲೆ ಪೂರ್ಣಗೊಳಿಸುವುದೇ ಎಂಬುದು ನನ್ನ ಆತಂಕ.

ಈ ಎರಡನೆಯ ಅಲೆಗೆ ಕಾನೂನೇ ದಾರಿ ತೆರೆದಿದೆ. ಈ ಜಿಲ್ಲೆಯಲ್ಲಿ ಭೂಮಿಯ ಇತಿಹಾಸ ಬಹಳ ಕಷ್ಟದ್ದು. ತಲೆಮಾರುಗಳ ಕಾಲ ಗೇಣಿ ಕೊಟ್ಟು ಉಳುತ್ತಿದ್ದವರ ಪರವಾಗಿ ಅಂಕೋಲಾದ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಹೋರಾಡಿದರು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯಿಂದಾಗಿ ಇಲ್ಲಿಯ ಸಾವಿರಾರು ಗೇಣಿದಾರರು ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಆ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು, ಕೃಷಿಯೇತರ ಆದಾಯ ಹೆಚ್ಚಿರುವವರೂ ಕೃಷಿಕರಲ್ಲದವರೂ ಸಾಗುವಳಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದವು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದುಹಾಕಿತು. ಆ ತಡೆಯನ್ನು ಹಿಂದೆಯೂ ಸುಳ್ಳು ಪತ್ರಗಳಿಂದ ದಾಟುವವರಿದ್ದರು, ಅದು ಭ್ರಷ್ಟಾಚಾರಕ್ಕೆ ಎಡೆಮಾಡಿತ್ತು ಎಂಬ ವಾದವನ್ನು ನಾನು ಬಲ್ಲೆ, ಅದರಲ್ಲಿ ಹುರುಳಿದೆ. ಆದರೆ ನಗರದ ಒಂದು ಅಪಾರ್ಟ್‌ಮೆಂಟ್ ಮಾರಿದ ಹಣದ ಎದುರಿಗೆ ಬಳಚು ಮಾರುವವಳ ಮಗ ತನ್ನ ಹುಟ್ಟೂರಿನಲ್ಲೇ ಐದು ಗುಂಟೆ ಕೊಳ್ಳಲಾಗದ ಸ್ಥಿತಿ ಬಂದಿರುವಾಗ, ಉಳುವವನಿಗೆ ನೆಲ ಎಂದು ಅರ್ಧ ಶತಮಾನದ ಹಿಂದೆ ಕೊಟ್ಟ ಮಾತು ಏನಾಯಿತೆಂದು ಕೇಳುವುದು ನ್ಯಾಯವಾಗಿದೆ. ನಗರದಿಂದ ಬಂದ ನಮ್ಮಂಥವರೇ ಅದನ್ನು ಮೊದಲು ಕೇಳಬೇಕೆಂದು ನನ್ನ ಅಭಿಪ್ರಾಯ.

ಕಡಲ ದಂಡೆಯ ನಿಯಮಗಳೂ ಸಡಿಲವಾಗಿವೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಅಳಿವೆ, ಕೋಡಿ, ಹಿನ್ನೀರುಗಳ ದಂಡೆಯಿಂದ 100 ಮೀಟರ್ ವರೆಗೆ ಇದ್ದ ನಿಯಂತ್ರಣವನ್ನು 2019ರ ಅಧಿಸೂಚನೆ 50 ಮೀಟರಿಗೆ ಇಳಿಸಿತು. ಇದರ ಪರಿಣಾಮ ಕಟ್ಟಡಗಳಲ್ಲಿ ಕಾಣುವ ಮೊದಲೇ ಬಾವಿಗಳಲ್ಲಿ ಕಾಣುತ್ತದೆ. ದಂಡೆಯ ಊರುಗಳ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಕೊಡದಿಂದ ಸೇದಿದಷ್ಟು ಕಾಲ ಅದು ಉಳಿಯುತ್ತದೆ, ಆಳದ ಕೊಳವೆ ಬಾವಿ ಕೊರೆದು ಪಂಪ್ ಹಚ್ಚಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ತಾಲ್ಲೂಕಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಕೇರಿಗಳಿವೆ ಎಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಬೆಂಗಳೂರಿನಲ್ಲಿ 2024ರ ಬೇಸಿಗೆಯ ನೀರಿನ ಬವಣೆಯನ್ನು ಕಂಡವರು, ಇಲ್ಲಿ ಮನೆ ಕಟ್ಟುವಾಗ ಈಜುಕೊಳ ತೋಡಿಸುವ ಮೊದಲು ಪಕ್ಕದ ಮನೆಯ ಬಾವಿಯನ್ನೊಮ್ಮೆ ಇಣುಕಿ ನೋಡಬೇಕು.

ಇನ್ನು ಬರಬೇಕೆಂದು ಯೋಚಿಸುತ್ತಿರುವವರಿಗೆ ಪುರವಣಿಗಳು ಹೇಳದ ಇನ್ನೊಂದು ಸಂಗತಿ ಆಸ್ಪತ್ರೆಯದ್ದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೆ ಹೃದಯ, ಮಿದುಳು, ದೊಡ್ಡ ಅಪಘಾತಗಳ ಚಿಕಿತ್ಸೆಗೆ ಈ ಜಿಲ್ಲೆಯ ಜನ ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ಕುಮಟಾದಿಂದ ಮಣಿಪಾಲ ನೂರು ಕಿಲೋಮೀಟರಿಗೂ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಳೆಯಲ್ಲಿ ಜಾರಿ ಉರುಳಿ ನಾಲ್ವರು ಜೀವ ಕಳೆದುಕೊಂಡ ದೃಶ್ಯವನ್ನು ಇಡೀ ರಾಜ್ಯ ನೋಡಿತು. ಆ ನಂತರ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಲ್ಲಿ ಇನ್ನಷ್ಟು ಗಟ್ಟಿಯಾಯಿತು; ಈಗಲೂ ಚುನಾವಣೆ ಬಂದಾಗಲೆಲ್ಲ ಅದು ಭರವಸೆಯಾಗಿ ಕೇಳಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಮತ್ತೊಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ, ಹೆದ್ದಾರಿಯೊಂದು ಕಡಿದರೆ ಇಲ್ಲಿಯ ರೋಗಿಯ ಗತಿ ಏನೆಂಬುದೂ ಅರ್ಥವಾಯಿತು. ತಾಯಿಗೆ ವಯಸ್ಸಾಗಿರುವ ನನಗೆ ಮಳೆಗಾಲದ ರಾತ್ರಿಗಳಲ್ಲಿ ಈ ಯೋಚನೆ ಬಾರದೆ ಇರುವುದಿಲ್ಲ.

ಇದಕ್ಕೆ ಸಂಬಂಧಿಸಿದ ಒಂದು ವ್ಯಾವಹಾರಿಕ ಮಾತನ್ನೂ ಸೇರಿಸುತ್ತೇನೆ. ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಹೊಸದಾಗಿ ಸ್ವಂತ ವಿಮೆ ಮಾಡಿಸಿದರೆ ಈಗಾಗಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಆದ್ದರಿಂದ ರಾಜೀನಾಮೆಗೆ ಬಹಳ ಮೊದಲೇ ಅದನ್ನು ಮಾಡಿಸಿಕೊಳ್ಳುವುದು ಜಾಣತನ. ಉಳಿತಾಯದ ಲೆಕ್ಕ ಹಾಕುವಾಗಲೂ ಊರಿನಲ್ಲಿ ಖರ್ಚೇ ಇರುವುದಿಲ್ಲ ಎಂಬ ಮಾತನ್ನು ನಂಬಬಾರದು. ಬಾಡಿಗೆಯ ಹಣ ಉಳಿಯುತ್ತದೆ, ನಿಜ; ಆದರೆ ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವುದು, ಗಾಳಿಮಳೆ ಹೊಡೆಯುವ ಕಡೆಗೆ ಮಡಲಿನ ತಟ್ಟಿ ಕಟ್ಟಿಸುವುದು, ಸೌದೆ ಒಟ್ಟುವುದು, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಪ್ರತಿಯೊಂದು ಕಬ್ಬಿಣದ ಸಾಮಾನನ್ನು ಬದಲಿಸುವುದು, ಆಸ್ಪತ್ರೆಗೆ ಹೋಗಿಬರುವುದು ಇವೆಲ್ಲ ಖರ್ಚೇ. ನಾನು ಈಗ ಬೆಳಗಿನ ಹೊತ್ತು ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುತ್ತೇನೆ, ಆದಾಯ ಮೊದಲಿನದರ ಸಣ್ಣ ಪಾಲು. ಅದು ನನಗೆ ಸಾಕಾಗುತ್ತಿದೆ. ಮಧ್ಯಾಹ್ನದ ನಂತರ ಗಜನಿಯ ಲೆಕ್ಕಪತ್ರ, ಕಗ್ಗದ ಅಕ್ಕಿಯನ್ನು ನೇರವಾಗಿ ಮಾರುವ ವ್ಯವಸ್ಥೆ, ಮಹಿಳಾ ಸ್ವಸಹಾಯ ಸಂಘದ ಸಾಲದ ಕಾಗದಗಳು, ಇವುಗಳಲ್ಲಿ ಕೈಜೋಡಿಸುತ್ತೇನೆ. ನಗರದಲ್ಲಿ ಕಲಿತದ್ದು ಇಲ್ಲಿ ವ್ಯರ್ಥವಾಗುವುದಿಲ್ಲ, ಅದನ್ನು ಕೇಳುವವರಿಗೆ ಕೊಡುವ ಮನಸ್ಸಿದ್ದರೆ.

ನಾವು ಬಂದು ನೆಮ್ಮದಿ ಕಾಣುತ್ತಿರುವ ಈ ಅಳಿವೆ ತಾನಾಗಿ ಉಳಿದುಕೊಂಡದ್ದಲ್ಲ ಎಂಬುದನ್ನೂ ನೆನಪಿಡಬೇಕು. ಇದೇ ಅಳಿವೆಯ ದಂಡೆಯ ತದಡಿಯಲ್ಲಿ 4000 ಮೆಗಾವಾಟ್‌ನ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಅದನ್ನು ವಿರೋಧಿಸಿ ನಿಂತವರು ಇಲ್ಲಿಯ ಮೀನುಗಾರರು, ಬಳಚು ಹೆಕ್ಕುವವರು, ಗಜನಿ ಒಕ್ಕಲಿನವರು, ಅವರ ಜೊತೆ ನಿಂತ ಘಟ್ಟದ ಮೇಲಿನ ಪರಿಸರ ಕಾರ್ಯಕರ್ತರು ಮತ್ತು ವಿಜ್ಞಾನಿಗಳು. ಅಂದು ಅವರು ಸುಮ್ಮನಿದ್ದಿದ್ದರೆ ಇಂದು ನಾವು ಕೊಳ್ಳಬಯಸುವ ಆ ನೋಟವೇ ಇರುತ್ತಿರಲಿಲ್ಲ. ಶಿರಸಿಯ ಬಳಿ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಕಡಲು ಸೇರುವ ಅಘನಾಶಿನಿಯ 4801 ಹೆಕ್ಟೇರ್ ಅಳಿವೆ ಪ್ರದೇಶ 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ. ಅದರ ಹೆಸರಿನಲ್ಲಿ ಪ್ರವಾಸಿ ಫಲಕಗಳು ಏಳುವ ಮೊದಲು, ಅದನ್ನು ಜೌಗಾಗಿಯೇ ಬಳಸುತ್ತ ಬಂದವರ ಹಕ್ಕು ದಾಖಲಾಗಬೇಕು. ಈಗ ನದಿ ಜೋಡಣೆಯ ಪ್ರಸ್ತಾವಗಳ ಕುರಿತು ಮತ್ತೆ ಸಭೆಗಳು ನಡೆಯುತ್ತಿವೆ. ಹೊಳೆಯ ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪು ಹೆಚ್ಚುತ್ತದೆ, ಬಳಚೂ ಕಗ್ಗವೂ ಎರಡೂ ಆ ಹದದ ಮೇಲೆಯೇ ನಿಂತಿವೆ. ಇಂಥ ಸಭೆಗಳಲ್ಲಿ ನಗರದಿಂದ ಬಂದು ನೆಲೆಸಿದವರು ವಿರಳವಾಗಿ ಕಾಣುತ್ತಾರೆ ಎಂಬುದು ನನಗೆ ನೋವಿನ ಸಂಗತಿ.

ಆದ್ದರಿಂದ ಸರ್ಕಾರದಲ್ಲಿ ನನ್ನ ಕೋರಿಕೆ ಇದು. ಗಜನಿ ಮತ್ತು ಅಳಿವೆಯಂಚಿನ ಸಾಗುವಳಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಅರ್ಜಿ ಬಂದಾಗ, ಅದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕಡತವಾಗಿ ಮಾತ್ರ ಮುಗಿಯದೆ, ಆ ಬಯಲಿನ ಎಲ್ಲ ಒಕ್ಕಲಿನವರ ಮತ್ತು ಗ್ರಾಮಸಭೆಯ ಅಭಿಪ್ರಾಯ ಪಡೆದ ಮೇಲೆಯೇ ತೀರ್ಮಾನವಾಗುವಂತೆ ನಿಯಮ ಮಾಡಬೇಕು. ಕಟ್ಟೆ ಮತ್ತು ಬಾಗಿಲುಗಳ ದುರಸ್ತಿಗೆ ಪ್ರತಿವರ್ಷ ಮೇ ತಿಂಗಳಿಗೆ ಮುನ್ನವೇ ಹಣ ಸಿಗಬೇಕು. ಕಟ್ಟೆ ಒಡೆದ ನಂತರ ಬರುವ ಪರಿಹಾರದಿಂದ ಆ ವರ್ಷದ ಬೆಳೆ ಬರುವುದಿಲ್ಲ. ಗಜನಿಯ ತುಂಡನ್ನು ಕೊಂಡವರು ಯಾರೇ ಆಗಿರಲಿ, ಕಟ್ಟೆಯ ಪಾಲಿನ ಹೊಣೆಯೂ ಆ ತುಂಡಿನ ಜೊತೆಗೇ ಬರುತ್ತದೆಂದು ನೋಂದಣಿಯ ಪತ್ರದಲ್ಲಿ ನಮೂದಾಗುವಂತಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ನನ್ನಂತೆ ಬರಲು ಬಯಸುವವರಲ್ಲಿ ಕೇಳಿಕೊಳ್ಳುವುದೂ ಇದೆ. ದಯವಿಟ್ಟು ಬನ್ನಿ, ಆದರೆ ನೆಲ ಕೊಳ್ಳುವ ಮೊದಲು ಒಂದು ಪೂರ್ತಿ ಮಳೆಗಾಲವನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ. ಊರಿನೊಳಗೆ ಮುಚ್ಚಿದ ಬಾಗಿಲಿನ ಹಳೆಯ ಹಂಚಿನ ಮನೆಗಳು ಬೇಕಾದಷ್ಟಿವೆ, ಅವುಗಳ ಒಡೆಯರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಗದ್ದೆ ತುಂಬಿಸಿ ಹೊಸದಾಗಿ ಕಟ್ಟುವುದಕ್ಕಿಂತ ಅಂಥ ಒಂದು ಮನೆಯನ್ನು ರಿಪೇರಿ ಮಾಡಿಸಿದರೆ ಖರ್ಚೂ ಕಡಿಮೆ, ಊರಿಗೂ ಜೀವ ಬರುತ್ತದೆ. ಗದ್ದೆಯನ್ನು ಕೊಂಡೇ ತೀರಬೇಕೆಂದಿದ್ದರೆ ಅದನ್ನು ಬಿತ್ತುವವರ ಕೈಯಲ್ಲೇ ಉಳಿಸಿ, ಕಟ್ಟೆಯ ಕೆಲಸದ ದಿನ ಊರಿನಲ್ಲಿರಿ. ಮತದಾರರ ಪಟ್ಟಿಯಲ್ಲಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿ ಗ್ರಾಮಸಭೆಗೆ ಬನ್ನಿ. ಮಕ್ಕಳಿದ್ದರೆ ಊರಿನ ಸರ್ಕಾರಿ ಶಾಲೆಯನ್ನೊಮ್ಮೆ ನೋಡಿ. ನಾಲ್ಕು ಮಕ್ಕಳು ಹೆಚ್ಚಾದರೆ ಮುಚ್ಚದೆ ಉಳಿಯುವ ಶಾಲೆಗಳು ಈ ತಾಲ್ಲೂಕಿನಲ್ಲಿವೆ. ಆಸ್ಪತ್ರೆಗಾಗಿ ನಡೆಯುವ ಹೋರಾಟದಲ್ಲಿ ನಿಮ್ಮ ಪರಿಚಯ, ನಿಮ್ಮ ಬರವಣಿಗೆ, ನಿಮ್ಮ ಮಾತು ಎಲ್ಲಕ್ಕೂ ಉಪಯೋಗವಿದೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಮುಂದಿನ ಬಾರಿ ನಗರ ತೊರೆದು ಕಡಲ ತೀರಕ್ಕೆ ಬಂದವರ ಬಗ್ಗೆ ಬರಹ ಪ್ರಕಟಿಸುವಾಗ, ವರದಿಗಾರರು ಆ ಮನೆಯಿಂದ ಹೊರಬಂದು ಪಕ್ಕದ ಗದ್ದೆಯವರನ್ನೂ ಮಾತನಾಡಿಸಲಿ. ಆ ನೆಲದ ಹಿಂದಿನ ಬೆಳೆ ಯಾವುದು, ಮಾರಿದವರು ಏಕೆ ಮಾರಿದರು, ಈಗ ಅವರು ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನೂ ಅದೇ ಪುಟದಲ್ಲಿ ಕೊಡಲಿ. ಬಿತ್ತನೆಯ ಕಾಲದಲ್ಲಿ ತಮ್ಮ ಪ್ರತಿನಿಧಿಗಳು ನಮ್ಮ ಬಯಲಿಗೆ ಬರುವುದಾದರೆ ಕಟ್ಟೆಯ ಮೇಲೆ ನಡೆಸಿ ತೋರಿಸಲು ಒಕ್ಕಲಿನವರು ಸಿದ್ಧರಿದ್ದಾರೆ. ಜೂನ್ ಮೊದಲ ಮಳೆಗಳ ನಂತರ ಬಂದರೆ ಎರಚುವ ಕೆಲಸವನ್ನು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
ಅಘನಾಶಿನಿ ದಂಡೆಯ ಓದುಗಿ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ